ಕೊಂಡ ಯಂತ್ರದ ಒಡೆತನ

ಮನೆಯ ಬೀಗದ ಕೈಯನ್ನು ನೆರೆಮನೆಯಲ್ಲಿ ಕೊಟ್ಟು ತೀರ್ಥಯಾತ್ರೆಗೆ ಹೊರಡುವುದು ನಮ್ಮ ಹಿರಿಯರಿಗೆ ಹೊಸತಾಗಿರಲಿಲ್ಲ. ಪರರನ್ನು ನಂಬದೆ ಸಂಸಾರವು ನಡೆಯುವಂತಿಲ್ಲ. ಒಡವೆಯನ್ನು ಅಕ್ಕಸಾಲಿಗನಿಗೂ, ಬೆಳೆಯನ್ನು ಮಂಡಿಯವನಿಗೂ, ಹಣವನ್ನು ಬ್ಯಾಂಕಿಗೂ, ಮಕ್ಕಳನ್ನು ಶಾಲೆಗೂ ಒಪ್ಪಿಸಿಯೇ ನಾವು ಬಾಳುತ್ತಿರುವೆವು. ಆದುದರಿಂದ ‘ಯಾರನ್ನೂ ಅವಲಂಬಿಸಕೂಡದು’ ಎಂಬ ಉಪದೇಶವು ಕೇಳುವುದಕ್ಕೆ ಧೀರವಾಗಿದ್ದರೂ ನಡೆಸುವುದಕ್ಕೆ ಅಶಕ್ಯವಾದುದು. ಅವಲಂಬನೆಯೊಳಗೆ ಯೋಗ್ಯವಾವುದು, ಅಯೋಗ್ಯವಾವುದು ಎಂದು ವಿಂಗಡಿಸಿಕೊಳ್ಳುವುದೇ ವಿವೇಕದ ಕೆಲಸ. ಈ ಹಳೆಯ ಪ್ರಶ್ನೆಯು ಈಚೆಗೆ ನಮ್ಮ ಜಿಲ್ಲೆಯ ಅಡಿಕೆ ತೋಟಗಳಿಗೂ ಹೊಸ ವೇಷದಿಂದ ಬಂದಿದೆ. ಅದನ್ನು ವಾಚಕರ ಮುಂದಿಟ್ಟು ಕೊಂಚ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕುಮಟಾ ತಾಲೂಕಿನ ಸಂತೆಗುಳಿಯ ಕಡೆ ನಮ್ಮ ಬಂಧುಗಳೊಬ್ಬರ ತೋಟವಿದೆ. ಅಡಿಕೆ, ತೆಂಗು, ಅಡಿಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಬಾಳೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಒಬ್ಬನೇ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಮಿಕ್ಕಿ ಮಳೆ ಸುರಿಯುವ ಸೀಮೆಯಾದರೂ ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸದೆ ಗತಿಯಿಲ್ಲ. ಮುಪ್ಪಿನ ತಂದೆಯು ಕತ್ತಲಲ್ಲಿ ಬಾವಿಯ ಕಡೆಗೆ ಇಳಿದು ಹೋಗುವ ಶ್ರಮವನ್ನು ತಪ್ಪಿಸಬೇಕೆಂದು ಮಗನು ಪಂಪಿಗೆ ಹೊಸದೊಂದು ಯಂತ್ರವನ್ನು ಕೂಡಿಸಿದನು. ಮೊಬೈಲಿನ ಮೇಲೆ ಬೆರಳಿಟ್ಟರೆ ಪಂಪು ನಡೆಯುವುದು, ಮತ್ತೊಮ್ಮೆ ಇಟ್ಟರೆ ನಿಲ್ಲುವುದು. ಜೊತೆಗೆ ಜಗಲಿಗೆ ಒಂದು ಕ್ಯಾಮೆರಾ. ತಂದೆತಾಯಿಗಳು ಕ್ಷೇಮವಾಗಿರುವುದನ್ನು ಮಗನು ಬೆಂಗಳೂರಿನಲ್ಲಿ ಕುಳಿತು ನೋಡಿಕೊಳ್ಳಬಹುದಾಗಿತ್ತು. ಎರಡು ಬೇಸಿಗೆಗಳು ಸುಖವಾಗಿ ಕಳೆದುವು. ಪಂಪಿನ ಹಳೆಯ ಗುಂಡಿಯ ಪೆಟ್ಟಿಗೆಯನ್ನು ಇನ್ನು ಬೇಡವೆಂದು ತೆಗೆದು ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದರು.

ಮೂರನೆಯ ಬೇಸಿಗೆಯಲ್ಲಿ ಒಂದು ಮುಂಜಾನೆ ಬೆರಳಿಟ್ಟರೆ ಪಂಪು ನಡೆಯಲಿಲ್ಲ. ಸೇವೆಯು ದೊರೆಯುವುದಿಲ್ಲವೆಂಬ ಒಂದು ಸಾಲು ಮೊಬೈಲಿನಲ್ಲಿ ಮೂಡಿತು. ಯಂತ್ರವನ್ನು ಮಾರಿದ ಕಂಪೆನಿಗೆ ಮಗನು ಕಾಗದಗಳನ್ನು ಕಳುಹಿದನು, ಉತ್ತರ ಬರಲಿಲ್ಲ. ಕುಮಟೆಯಿಂದ ವಿದ್ಯುತ್ತಿನ ಕೆಲಸದವನು ಬಂದು ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಕೂಡಿಸುವಷ್ಟರಲ್ಲಿ ನಾಲ್ಕು ದಿನಗಳಾದುವು. ಬಾವಿಯಲ್ಲಿ ನೀರಿತ್ತು, ತಂತಿಯಲ್ಲಿ ವಿದ್ಯುತ್ತಿತ್ತು, ಪಂಪು ಸುಸ್ಥಿತಿಯಲ್ಲಿತ್ತು, ಅಪ್ಪಣೆಯೊಂದು ಮಾತ್ರ ಬರಲಿಲ್ಲ. ಆ ವರ್ಷ ನೆಟ್ಟ ಸಸಿಗಳು ಬಾಡಿ, ಕೆಲವು ಸತ್ತೇಹೋದುವು. ಯಜಮಾನರು ಆ ಸಂಜೆ ಮಗನಿಗೆ ಫೋನಿನಲ್ಲಿ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ತಮಾ, ದುಡ್ಡು ಕೊಟ್ಟವರು ನಾವು. ಈ ಪಂಪು ನಮ್ಮದೋ, ಅವರದೋ?”

ಮಗನು ಉತ್ತರ ಹೇಳಲಾರದೆ ಹೋದನು. ಈ ಪ್ರಶ್ನೆ ಸುಲಭವಾದುದಲ್ಲ. ಯಂತ್ರಶಾಸ್ತ್ರದ ಪ್ರಶ್ನೆಯಂತೆ ಕಂಡರೂ ಇದು ವಾಸ್ತವದಲ್ಲಿ ಧರ್ಮದ ಪ್ರಶ್ನೆ. ಮೊದಲು ಯಂತ್ರದ ಸಂಗತಿಯನ್ನು ತಿಳಿದು, ಆಮೇಲೆ ಧರ್ಮದ ಸಂಗತಿಗೆ ಬರೋಣ.

ಜಗಲಿಯಲ್ಲಿ ಕುಳಿತ ಯಜಮಾನರಿಗೂ ತೋಟದ ಪಂಪಿಗೂ ನಡುವಣ ದೂರವು ನೂರು ಮಾರಿಗಿಂತ ಹೆಚ್ಚಿಲ್ಲ. ಆದರೆ ಅವರ ಬೆರಳಿನ ಅಪ್ಪಣೆಯು ನೇರವಾಗಿ ತೋಟಕ್ಕೆ ಇಳಿಯುತ್ತಿರಲಿಲ್ಲ. ಅದು ಮೊದಲು ಮೊಬೈಲಿನ ಗೋಪುರಕ್ಕೆ ಏರಿ, ಅಲ್ಲಿಂದ ದೂರದ ನಗರದಲ್ಲಿಯೋ ಪರದೇಶದಲ್ಲಿಯೋ ಇರುವ ಕಂಪೆನಿಯ ಸರ್ವರನ್ನು ಸೇರಿ, ಅಲ್ಲಿ ‘ಈತನು ನಮ್ಮ ಗಿರಾಕಿಯೇ?’ ಎಂಬ ಪರೀಕ್ಷೆಯನ್ನು ಮುಗಿಸಿಕೊಂಡು, ಮತ್ತೆ ಅದೇ ದಾರಿಯನ್ನು ಹಿಡಿದು ಮನೆಯ ರೂಟರಿಗೆ ಬಂದು ಪಂಪನ್ನು ತಲುಪುತ್ತಿತ್ತು. ಆ ದೂರದ ಯಂತ್ರಸಮೂಹಕ್ಕೆ ಕ್ಲೌಡ್ ಎಂದರೆ ಮೋಡವೆಂದು ಹೆಸರು. ಮೋಡವೆಂದು ಕರೆದರೂ ಅದು ನೆಲದ ಮೇಲಿನ ಕಟ್ಟಡವೇ. ಅದಕ್ಕೆ ಒಡೆಯನುಂಟು, ವಿದ್ಯುತ್ತಿನ ಖರ್ಚುಂಟು, ಸಂಬಳದ ನೌಕರರುಂಟು.

ಇಷ್ಟು ಬಳಸುದಾರಿಯೇತಕ್ಕೆ ಎಂದು ಕೇಳಬಹುದು. ಇದೆಲ್ಲವೂ ಕಂಪೆನಿಗಳ ದುರಾಶೆಯೆಂದು ಹೇಳಿಬಿಡುವುದು ಅನ್ಯಾಯವಾದೀತು. ಅಂತರ್ಜಾಲದಲ್ಲಿ ನಮ್ಮ ಮನೆಗಳಿಗೆ ಸಾಮಾನ್ಯವಾಗಿ ಸ್ಥಿರವಾದ ಸ್ವಂತ ವಿಳಾಸವಿರುವುದಿಲ್ಲ; ಅನೇಕ ಮನೆಗಳು ಒಂದೇ ವಿಳಾಸದ ಮರೆಯಲ್ಲಿ ಇರುತ್ತವೆ. ಆದಕಾರಣ ಬೆಂಗಳೂರಿನ ಮಗನು ಸಂತೆಗುಳಿಯ ಪಂಪನ್ನು ನೇರವಾಗಿ ಕರೆಯಲಾರನು. ಪಂಪಿನ ಯಂತ್ರವೇ ಕಂಪೆನಿಯ ಸರ್ವರನ್ನು ಕರೆದು ಆ ಸಂಪರ್ಕವನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಮಗನೂ ಅದೇ ಸರ್ವರನ್ನು ಕರೆಯುತ್ತಾನೆ. ಸರ್ವರು ಇಬ್ಬರ ಮಾತನ್ನು ಕೂಡಿಸುತ್ತದೆ. ಊರಿಂದೂರಿಗೆ ಸುದ್ದಿಯನ್ನು ಒಯ್ಯುತ್ತಿದ್ದ ಹಿಂದಿನ ಕಾಲದ ಓಲೆಕಾರನಂತೆ ಅದು ಉಪಯುಕ್ತವಾದ ಮಧ್ಯಸ್ಥ. ದೋಷವಿರುವುದು ಮಧ್ಯಸ್ಥನು ಇರುವುದರಲ್ಲಿ ಅಲ್ಲ. ಮನೆಯೊಳಗಿನವರು ಮನೆಯೊಳಗಿನ ಕೆಲಸಕ್ಕೂ ಅವನ ಅಪ್ಪಣೆಯನ್ನೇ ಕಾಯಬೇಕಾದಂತೆ ಯಂತ್ರವನ್ನು ರಚಿಸಿದುದರಲ್ಲಿ ದೋಷವಿದೆ.

ನಮ್ಮ ಬಂಧುಗಳಿಗೆ ಆದುದು ಅವರೊಬ್ಬರಿಗೇ ಆದ ದುರ್ದೈವವೆಂದು ಭಾವಿಸುವ ಕಾರಣವಿಲ್ಲ. ಈ ಬಗೆಯ ಯಂತ್ರಗಳು ಮೊದಲು ಹರಡಿದ ಅಮೆರಿಕದಲ್ಲಿ ಇಂತಹ ಸಂಗತಿಗಳು ಮೊದಲೇ ನಡೆದುವು. ಮನೆಯ ದೀಪ, ಬೀಗ ಮೊದಲಾದುವನ್ನು ಒಂದೆಡೆಯಿಂದ ನಡೆಸುವ ರಿವಾಲ್ವ್ ಎಂಬ ಯಂತ್ರವನ್ನು ಅಲ್ಲಿ ಸುಮಾರು ೩೦೦ ಡಾಲರುಗಳಿಗೆ ಮಾರುತ್ತಿದ್ದರು. ಗೂಗಲಿಗೆ ಸೇರಿದ ನೆಸ್ಟ್ ಕಂಪೆನಿಯು ೨೦೧೪ರಲ್ಲಿ ಅದನ್ನು ಕೊಂಡುಕೊಂಡಿತು; ೨೦೧೬ರ ಮೇ ತಿಂಗಳಲ್ಲಿ ಅದರ ಸರ್ವರನ್ನು ನಿಲ್ಲಿಸಿತು. ಮನೆಮನೆಗಳಲ್ಲಿದ್ದ ಯಂತ್ರಗಳು ಕೆಡದೆಯೇ ನಿಷ್ಪ್ರಯೋಜಕವಾದುವು. ೨೦೨೨ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಮತ್ತೊಂದು ಕಂಪೆನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದುವು. ಕಂಪೆನಿಯು ಮುಚ್ಚಬೇಕೆಂದೂ ಇಲ್ಲ. ೨೦೨೧ರ ಡಿಸೆಂಬರ್ ೭ರಂದು ಅಮೆಜಾನಿನ ಸರ್ವರುಗಳು ಕೆಲವು ತಾಸು ತೊಡಕಿಗೆ ಸಿಕ್ಕಿದಾಗ, ಅವುಗಳನ್ನು ನೆಚ್ಚಿದ್ದ ಕಸಗುಡಿಸುವ ಯಂತ್ರಗಳೂ ಬಾಗಿಲ ಗಂಟೆಯ ಕ್ಯಾಮೆರಾಗಳೂ ಎಷ್ಟೋ ಮನೆಗಳಲ್ಲಿ ಸುಮ್ಮನಾದುವು. ತನ್ನ ಮನೆಯ ಕಸವನ್ನು ಗುಡಿಸುವುದಕ್ಕೆ ಬೇರೊಂದು ರಾಜ್ಯದ ಕಟ್ಟಡವೊಂದು ಆರೋಗ್ಯದಿಂದಿರಬೇಕೆಂಬುದು ಆ ದಿನ ಅನೇಕರಿಗೆ ಗೊತ್ತಾಯಿತು.

ಇನ್ನು ಧರ್ಮದ ಸಂಗತಿ. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಗಳನ್ನು ಹದಿನೆಂಟು ಪದಗಳಾಗಿ ವಿಂಗಡಿಸಿರುವರು. ಸಾಲದ ವಿಷಯವಾದ ಕೂಡಲೆ ಮನುಸ್ಮೃತಿಯಲ್ಲಿ ಎರಡನೆಯದಾಗಿ ಬರುವುದು ನಿಕ್ಷೇಪ, ಎಂದರೆ ನಂಬಿ ಇಟ್ಟ ವಸ್ತು. ಅದರ ಮೂಲಸೂತ್ರವು ಸರಳವಾದುದು: ಹೇಗೆ ಇಟ್ಟರೋ ಹಾಗೆಯೇ, ಕೇಳಿದಾಗ ಹಿಂದಕ್ಕೆ ಕೊಡಬೇಕು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾವ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನೋ ಆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬ ಪ್ರಕರಣವೇ ಬೇರೆಯಾಗಿ ಇದೆ. ಉಪನಿಧಿಯೆಂದರೆ ಪೆಟ್ಟಿಗೆಯೊಳಗಿಟ್ಟು, ಮುದ್ರೆ ಹಾಕಿ, ಒಳಗೇನಿದೆಯೆಂದು ಹೇಳದೆಯೇ ಒಪ್ಪಿಸಿದ ವಸ್ತು. ಕಾಯುವವನ ಕರ್ತವ್ಯವು ಕಾಯುವುದು. ತೆರೆದು ನೋಡುವುದು ಅವನ ಹಕ್ಕಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಕುಳಿತು ಚರ್ಚಿಸಿದ ಈ ಭೇದವು ಇಂದಿನ ಸರ್ವರುಗಳ ವಿಷಯದಲ್ಲಿ ಎಷ್ಟು ಪ್ರಯೋಜನಕಾರಿಯೆಂಬುದನ್ನು ಮುಂದೆ ಕಾಣುವೆವು.

ಸ್ವತ್ವ ಅಥವಾ ಒಡೆತನವೆಂದರೇನು ಎಂಬ ಚರ್ಚೆಯೂ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಉಂಟು. ವಸ್ತುವನ್ನು ಯಥೇಷ್ಟವಾಗಿ ವಿನಿಯೋಗಿಸುವ ಅರ್ಹತೆಯೇ ಸ್ವತ್ವವೆಂಬ ಮಾತು ಅಲ್ಲಿ ಬರುತ್ತದೆ. ಸ್ವತ್ವವು ಲೌಕಿಕವಾದುದು, ಲೋಕವ್ಯವಹಾರದಿಂದ ತಿಳಿಯತಕ್ಕುದು ಎಂದು ವಿಜ್ಞಾನೇಶ್ವರನ ಮತ. ಈ ಒರೆಗಲ್ಲಿಗೆ ಯಜಮಾನರ ಪಂಪಿನ ಯಂತ್ರವನ್ನು ಉಜ್ಜಿ ನೋಡೋಣ. ಲೋಕವ್ಯವಹಾರದಂತೆ ಅವರು ಬೆಲೆ ಕೊಟ್ಟರು, ರಸೀದಿ ಪಡೆದರು, ವಸ್ತುವನ್ನು ಮನೆಗೆ ತಂದರು. ಯಥೇಷ್ಟವಿನಿಯೋಗವು ಮಾತ್ರ ಅವರಿಗೆ ದೊರೆಯಲಿಲ್ಲ. ಮಾರಿದವನ ಇಷ್ಟವಿರುವ ತನಕ ವಿನಿಯೋಗ, ಇಲ್ಲವಾದರೆ ಇಲ್ಲ. ಇದು ಕ್ರಯವೋ, ಬಾಡಿಗೆಯೋ? ಬಾಡಿಗೆಯೆನ್ನೋಣವೆಂದರೆ ಪೂರ್ತಿ ಬೆಲೆಯನ್ನು ತೆತ್ತಿದ್ದಾರೆ. ಕ್ರಯವೆನ್ನೋಣವೆಂದರೆ ಕೀಲಿಯು ಮಾರಿದವನಲ್ಲಿಯೇ ಉಳಿದಿದೆ. ಹಣವನ್ನು ತೆಗೆದುಕೊಳ್ಳುವಾಗ ‘ಮಾರಿದೆವು’ ಎಂದೂ, ಕೈಬಿಡುವಾಗ ‘ಸೇವೆಯಾಗಿತ್ತು’ ಎಂದೂ ಹೇಳುವುದು ಒಂದೇ ವ್ಯವಹಾರಕ್ಕೆ ಎರಡು ನಾಲಗೆಯಿಟ್ಟಂತೆ. ನನ್ನ ಮಟ್ಟಿಗೆ ಅನ್ಯಾಯವು ಇಲ್ಲಿಯೇ ಆರಂಭವಾಗುತ್ತದೆ. ಬಾಡಿಗೆಯು ಪಾಪವಲ್ಲ, ಕ್ರಯವೂ ಪಾಪವಲ್ಲ. ಬಾಡಿಗೆಯನ್ನು ಕ್ರಯವೆಂದು ನಂಬಿಸುವುದು ಪಾಪ.

ಕೊಳ್ಳುವವನೂ ಇದರಲ್ಲಿ ಪೂರ್ಣ ನಿರ್ದೋಷಿಯಲ್ಲವೆಂಬುದನ್ನು ಒಪ್ಪಬೇಕು. ಸರ್ವರನ್ನು ನಡೆಸುವುದಕ್ಕೆ ಪ್ರತಿದಿನವೂ ಖರ್ಚಿದೆ. ಒಮ್ಮೆ ತೆತ್ತ ಬೆಲೆಯಿಂದ ಎಂದೆಂದಿಗೂ ಸೇವೆಯನ್ನು ಕೊಡಲು ಯಾರಿಗೂ ಸಾಧ್ಯವಿಲ್ಲ. ಅಗ್ಗದ ಬೆಲೆಗೆ ಆಜೀವ ಸೇವೆಯೆಂದು ಹೇಳುವವನ ಮಾತನ್ನು ಲೆಕ್ಕ ಹಾಕದೆ ನಂಬುವುದು ಕೊಳ್ಳುವವನ ಆಲಸ್ಯ. ‘ಇದರ ಖರ್ಚನ್ನು ಹತ್ತು ವರ್ಷ ಯಾರು ಹೊರುತ್ತಾರೆ?’ ಎಂಬ ಒಂದು ಪ್ರಶ್ನೆಯನ್ನು ಅಂಗಡಿಯಲ್ಲಿಯೇ ಕೇಳಿದ್ದರೆ ಎಷ್ಟೋ ದುಃಖವು ತಪ್ಪುತ್ತಿತ್ತು. ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವ ರೈತನು ಯಂತ್ರವನ್ನು ಕೊಳ್ಳುವಾಗ ಹೊಳಪನ್ನು ಮಾತ್ರ ನೋಡಿದರೆ ಆಗುವುದೇ?

ಇಷ್ಟನ್ನು ಕೇಳಿದ ವಾಚಕರು, ‘ಹಾಗಾದರೆ ಎಲ್ಲವನ್ನೂ ಮನೆಯಲ್ಲಿಯೇ ಇಟ್ಟುಕೊಂಡರೆ ಆಯಿತಷ್ಟೆ’ ಎನ್ನಬಹುದು. ಮಗನು ಮಾಡಿದುದೂ ಅದನ್ನೇ. ಅದಕ್ಕೆ ಸಾಧನಗಳು ಈಗ ಸುಲಭವಾಗಿವೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು ೨೦೧೨ರಲ್ಲಿ ಬಂದಿತು. ಮನೆಯ ಯಂತ್ರಗಳನ್ನೆಲ್ಲ ಮನೆಯೊಳಗಿನ ಕಂಪ್ಯೂಟರಿನಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶವನ್ನು ಪೌಲಸ್ ಸ್ಖೌಟ್ಸೆನ್ ಎಂಬವರು ೨೦೧೩ರಲ್ಲಿ ಆರಂಭಿಸಿದರು. ಅದರ ಬರಹವು ಸರ್ವರಿಗೂ ತೆರೆದಿದ್ದು, ಯಾರೂ ಬೆಲೆಯಿಲ್ಲದೆ ಬಳಸಬಹುದಾಗಿದೆ. ಯಂತ್ರಯಂತ್ರಗಳ ನಡುವೆ ಚಿಕ್ಕ ಚಿಕ್ಕ ಸಂದೇಶಗಳನ್ನು ಸಾಗಿಸುವ ಎಂ.ಕ್ಯೂ.ಟಿ.ಟಿ. ಎಂಬ ಕ್ರಮವು ೧೯೯೯ರಲ್ಲಿಯೇ, ತೈಲದ ಕೊಳವೆಗಳ ಮೇಲೆ ದೂರದಿಂದ ಕಣ್ಣಿಡುವುದಕ್ಕಾಗಿ ಹುಟ್ಟಿದುದು. ಇವುಗಳನ್ನು ಕೂಡಿಸಿ ಮಗನು ಮುಂದಿನ ರಜೆಯಲ್ಲಿ ಮನೆಯ ನಡುಕೋಣೆಯಲ್ಲಿ ಒಂದು ಪುಟ್ಟ ಪೆಟ್ಟಿಗೆಯನ್ನು ಇಟ್ಟನು. ಈಗ ಜಗಲಿಯ ಅಪ್ಪಣೆಯು ಮನೆಯ ಅಂಗಳವನ್ನು ದಾಟದೆ ಪಂಪನ್ನು ತಲುಪತೊಡಗಿತು. ಸ್ವಾತಂತ್ರ್ಯವು ಬಂದಿತೆಂದು ಎಲ್ಲರಿಗೂ ಸಂತೋಷವಾಯಿತು.

ಆದರೆ ಮೃಗಶಿರೆಯ ಗುಡುಗುಮಿಂಚಿನಲ್ಲಿ ರೂಟರೂ ಪೆಟ್ಟಿಗೆಯೂ ಸುಟ್ಟುಹೋದುವು. ಮಳೆಗಾಲವಾದುದರಿಂದ ಪಂಪಿನ ಅಗತ್ಯವಿರಲಿಲ್ಲ. ಆದರೆ ಜಗಲಿಯ ಕ್ಯಾಮೆರಾ ಕುರುಡಾಯಿತು. ಒಳಗಿನ ಗುಪ್ತಪದಗಳೂ ಜೋಡಣೆಯ ಮರ್ಮವೂ ಮಗನೊಬ್ಬನಿಗೇ ಗೊತ್ತು. ಅವನು ಆ ವೇಳೆಗೆ ಕೆಲಸದ ನಿಮಿತ್ತ ಪರದೇಶಕ್ಕೆ ಹೋಗಿದ್ದನು. ಎರಡು ತಿಂಗಳು ಅದನ್ನು ಮುಟ್ಟುವವರಿರಲಿಲ್ಲ. ಅವನ ತಾಯಿಯವರು ನಗುತ್ತ ಹೇಳಿದರು: “ಮೊದಲು ಕಂಪೆನಿಯವರನ್ನು ಕಾಯಬೇಕಿತ್ತು, ಈಗ ನಿನ್ನನ್ನು ಕಾಯಬೇಕಾಯಿತು. ನಮಗೇನು ಹೆಚ್ಚಾಯಿತು, ಮಗಾ?” ಆ ನಗೆಯೊಳಗೆ ಗಂಭೀರವಾದ ಸತ್ಯವಿದೆ. ಸ್ವಾವಲಂಬನೆಯೆಂದು ಒಬ್ಬನು ಹೆಮ್ಮೆಪಡುವ ವ್ಯವಸ್ಥೆಯು ಅವನ ಮನೆಯ ಉಳಿದವರಿಗೆ ಇನ್ನೊಂದು ಬಗೆಯ ಪರಾವಲಂಬನೆಯಾಗಬಹುದು. ಒಬ್ಬನ ಜಾಣ್ಮೆಯ ಮೇಲೆ ನಿಂತ ಸ್ವಾತಂತ್ರ್ಯವು ಅವನ ಅನುಪಸ್ಥಿತಿಯಲ್ಲಿ ಸ್ವಾತಂತ್ರ್ಯವೇ ಅಲ್ಲ.

ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು. ತನ್ನ ಯಂತ್ರಕ್ಕೆ ತಾನೇ ಒಡೆಯನಾದವನು ಅದರ ಕಾವಲಿಗೂ ತಾನೇ ಹೊಣೆಗಾರನು. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಲೋಕದ ನಾನಾ ಕಡೆ ಕ್ಯಾಮೆರಾ, ರೂಟರು ಮೊದಲಾದುವನ್ನು ಲಕ್ಷಗಟ್ಟಲೆಯಾಗಿ ವಶಪಡಿಸಿಕೊಂಡಿತು. ಕಾರ್ಖಾನೆಯಲ್ಲಿ ಹಾಕಿಕೊಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟ ಮನೆಗಳೇ ಅದಕ್ಕೆ ಬಾಗಿಲಾದುವು. ಆ ವರ್ಷದ ಅಕ್ಟೋಬರ್ ೨೧ರಂದು ಆ ಯಂತ್ರಸೇನೆಯು ಡೈನ್ ಎಂಬ ಸಂಸ್ಥೆಯ ಮೇಲೆ ಎರಗಿದಾಗ ಅಮೆರಿಕದ ಅನೇಕ ಪ್ರಸಿದ್ಧ ತಾಣಗಳು ಜನರಿಗೆ ದೊರೆಯದೆ ಹೋದುವು. ತೋಟದ ಬೇಲಿಯನ್ನು ಕಟ್ಟದವನ ದನವು ನೆರೆಯವನ ಪೈರನ್ನು ಮೇಯುವಂತೆ, ಒಬ್ಬನ ಅಲಕ್ಷ್ಯವು ಕಾಣದ ಊರಿನವರಿಗೆ ಹಾನಿಯನ್ನು ತರುತ್ತದೆ. ದೊಡ್ಡ ಕಂಪೆನಿಯ ಸರ್ವರಿಗೆ ಹಗಲಿರುಳು ಕಾವಲಿರುವುದು. ನಡುಕೋಣೆಯ ಪೆಟ್ಟಿಗೆಗೆ ಅಂತಹ ಕಾವಲೆಲ್ಲಿ? ಆದಕಾರಣ ಮನೆಯಲ್ಲಿ ಇಟ್ಟುಕೊಳ್ಳುವುದೇ ಪುಣ್ಯ, ಹೊರಗೆ ಒಪ್ಪಿಸುವುದೇ ಪಾಪ ಎಂಬ ಸರಳ ಸಿದ್ಧಾಂತವು ನಿಲ್ಲಲಾರದು.

ಕೆಲವು ವಸ್ತುಗಳನ್ನು ನಾವೇ ಇಟ್ಟುಕೊಳ್ಳಬಾರದೆಂಬುದೂ ಸತ್ಯ. ನಮ್ಮ ತೋಟಿಗರಿಗೆಲ್ಲ ಪರಿಚಿತವಾದ ದೃಷ್ಟಾಂತವನ್ನು ಹೇಳುವೆನು. ಹಳೆಯ ಮನೆಗಳಲ್ಲಿ ಅಂಗಳದ ಮಳೆಮಾಪಕವನ್ನು ದಿನವೂ ನೋಡಿ ವಹಿಯಲ್ಲಿ ಬರೆದಿಡುವವರು ಇದ್ದರು, ಈಗಲೂ ಕೆಲವರಿದ್ದಾರೆ. ಆದರೆ ಅಡಿಕೆಗೂ ಕಾಳುಮೆಣಸಿಗೂ ದೊರೆಯುವ ಹವಾಮಾನ ಆಧಾರಿತ ಬೆಳೆ ವಿಮೆಯು ಆ ವಹಿಯನ್ನು ನೋಡುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ತಾವೇ ಬೆಂಗಳೂರಿಗೆ ಕಳುಹಿಸುವಂತೆ ರಚಿತವಾಗಿವೆ. ಪರಿಹಾರದ ಗಣನೆಗೆ ಅಂತಹ ಮಾಪಕದ ಲೆಕ್ಕವೇ ಆಧಾರ. ಇದು ನ್ಯಾಯವೇ. ಹಣ ಪಡೆಯುವವನ ವಹಿಯನ್ನೇ ಸಾಕ್ಷಿಯಾಗಿ ಹಿಡಿಯುವುದು ಆಗದ ಮಾತು. ಇಬ್ಬರ ನಡುವಣ ಲೆಕ್ಕವು ಮೂರನೆಯವನಲ್ಲಿ ಇರುವುದೇ ಲೇಸು. ಆದರೆ ಆ ಮೂರನೆಯವನ ಮಾಪಕವು ಕೆಟ್ಟಿತೆಂದರೆ ಕೇಳುವುದಕ್ಕೆ ನಮಗೊಂದು ಆಧಾರವು ಬೇಕಷ್ಟೆ? ಅಂಗಳದ ವಹಿಯು ಆಗ ಸಾಕ್ಷಿಯಾಗದಿದ್ದರೂ ಪ್ರಶ್ನೆಯನ್ನು ಎತ್ತುವ ಧೈರ್ಯವನ್ನು ಕೊಡುವುದು. ಒಪ್ಪಿಸಿದ ಮೇಲೂ ಸ್ವಂತ ಲೆಕ್ಕವನ್ನು ಇಟ್ಟಿರುವವನು ಪೂರ್ತಿ ಪರಾಧೀನನಾಗುವುದಿಲ್ಲ.

ಹೀಗಿರಲು ಒಪ್ಪಿಸುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಎಲ್ಲೆಯನ್ನು ಎಲ್ಲಿ ಹಾಕಬೇಕು? ಮೂರು ಮಾತುಗಳು ನನಗೆ ಸರಿಯೆಂದು ತೋರುತ್ತವೆ.

ಮೊದಲನೆಯದು: ಯಾವುದು ನಿಂತರೆ ಜೀವಕ್ಕೋ ಜೀವನಕ್ಕೋ ಹಾನಿಯುಂಟೋ ಅದು ಸ್ಥಳದಲ್ಲಿರುವ ಕೈಗೆ ವಿಧೇಯವಾಗಿರಬೇಕು. ನೀರು, ದೀಪ, ಬಾಗಿಲು, ಬೆಂಕಿ ಇವುಗಳಿಗೆ ದೂರದ ಅಪ್ಪಣೆಯು ಹೆಚ್ಚಿನ ಅನುಕೂಲವಾಗಿರಲಿ, ಏಕಮಾತ್ರ ದಾರಿಯಾಗಬಾರದು. ಅಘನಾಶಿನಿಯ ಮುಖದ ಗಜನಿಗಳಲ್ಲಿ ಭರತದ ಉಪ್ಪುನೀರನ್ನು ತಡೆಯುವ ಮತ್ತು ಬಿಡುವ ಬಾಗಿಲುಗಳಿವೆ. ಮಾಣಿಕಟ್ಟೆಯ ಕಡೆ ಕಗ್ಗ ಭತ್ತವನ್ನು ಬೆಳೆಯುವವರಿಗೆ ಆ ಬಾಗಿಲ ಹಲಗೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಪೈರಿನ ಪ್ರಶ್ನೆ. ಅದನ್ನು ನೀರಿನ ಬಳಿಯಲ್ಲಿರುವವನು ನೀರನ್ನು ನೋಡಿ ನಿರ್ಧರಿಸುತ್ತಾನೆ. ಯಾರ ಗದ್ದೆ ಮುಳುಗುವುದೋ ಅವರ ಕೈಗೆ ಎಟಕುವಂತೆ ಬಾಗಿಲಿರಬೇಕೆಂಬ ಆ ನೀತಿಯು ಪಂಪಿಗೂ ಸಲ್ಲುತ್ತದೆ. ನೆಸ್ಟ್ ಕಂಪೆನಿಯೇ ತನ್ನ ಮೊದಲ ಎರಡು ಪೀಳಿಗೆಯ ಉಷ್ಣನಿಯಂತ್ರಕಗಳಿಗೆ ೨೦೨೫ರ ಅಕ್ಟೋಬರ್ ೨೫ರಂದು ದೂರದ ಸೇವೆಯನ್ನು ನಿಲ್ಲಿಸಿದಾಗ, ಅವು ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ನಡೆಯುವ ಸ್ಥಿತಿಯಲ್ಲಿ ಉಳಿದುವು. ಸೇವೆಯು ಹೋದರೂ ವಸ್ತುವು ಉಳಿಯುವುದು ಅಸಾಧ್ಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು: ಹೊರಗೆ ಒಪ್ಪಿಸುವುದನ್ನು ಉಪನಿಧಿಯಾಗಿ ಒಪ್ಪಿಸಬೇಕು, ಎಂದರೆ ಮುದ್ರೆ ಹಾಕಿ, ಕೇಳಿದಾಗ ಹಿಂದಕ್ಕೆ ಬರುವಂತೆ. ಜಗಲಿಯ ಕ್ಯಾಮೆರಾದ ಚಿತ್ರವು ಮಗನನ್ನು ಮುಟ್ಟುವ ಮೊದಲು ಕಂಪೆನಿಯ ಮನೆಯನ್ನು ಹೊಗುತ್ತಿತ್ತು. ಆ ಚಿತ್ರದಲ್ಲಿ ತಾಯಿಯವರು ಮಾತ್ರವಲ್ಲ, ಅಡಿಕೆ ಸುಲಿಯಲು ಬಂದ ಹೆಂಗಸರೂ, ಕಷ್ಟವನ್ನು ಹೇಳಿಕೊಳ್ಳಲು ಬಂದ ನೆರೆಯವರೂ ಇದ್ದರು. ಅವರ ಅನುಮತಿಯನ್ನು ಕೇಳಿದವರಾರು? ತನ್ನ ವಸ್ತುವನ್ನು ಪರರಲ್ಲಿ ಇಡುವುದಕ್ಕೆ ಒಡೆಯನಿಗೆ ಅಧಿಕಾರವುಂಟು. ಅತಿಥಿಯ ಮುಖವನ್ನು ಇಡುವುದಕ್ಕೆ ಇಲ್ಲ. ತೆರೆಯುವ ಕೀಲಿಯು ಮನೆಯವರಲ್ಲಿಯೇ ಉಳಿದು, ಕಾಯುವವನಿಗೆ ಒಳಗಿನದು ಕಾಣದಂತೆ ಗೂಢಲಿಪಿಯಲ್ಲಿ ಕಳುಹಿಸುವ ಕ್ರಮವು ಇಂದು ದುರ್ಲಭವಾಗಿಲ್ಲ. ನಮ್ಮ ದೇಶದಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ೨೦೨೩ರಲ್ಲಿ ಕಾಯಿದೆಯಾಗಿದೆ. ಆದರೆ ಮುದ್ರೆಯಿಲ್ಲದ ಪೆಟ್ಟಿಗೆಯನ್ನು ಬೀದಿಯಲ್ಲಿಟ್ಟು ಕಾಯಿದೆಯನ್ನು ನೆಚ್ಚುವುದು ಬುದ್ಧಿವಂತಿಕೆಯಲ್ಲ.

ಮೂರನೆಯದು: ಹೋಗುವವನು ಹೇಳಿ ಹೋಗಬೇಕು, ಕೀಲಿಯನ್ನು ಇಟ್ಟು ಹೋಗಬೇಕು. ವ್ಯಾಪಾರವು ನಿಲ್ಲುವುದು ಅಪರಾಧವಲ್ಲ. ಎಷ್ಟು ದಿನ ನಡೆಸುವೆವೆಂದು ಮೊದಲೇ ತಿಳಿಸದಿರುವುದು ಅಪರಾಧ. ಯಂತ್ರಕ್ಕೆ ಭದ್ರತೆಯ ತಿದ್ದುಪಡಿಗಳನ್ನು ಕನಿಷ್ಠ ಎಷ್ಟು ಕಾಲ ಒದಗಿಸುವೆವೆಂಬುದನ್ನು ಮಾರುವಾಗಲೇ ಪ್ರಕಟಿಸಬೇಕೆಂಬ ನಿಯಮವು ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಯಲ್ಲಿದೆ. ಇಷ್ಟು ಅಲ್ಪವಾದ ಪ್ರಾಮಾಣಿಕತೆಗೂ ಕಾಯಿದೆ ಬೇಕಾದುದು ಕಾಲದ ಮಹಿಮೆ. ಸೇವೆಯನ್ನು ಕೈಬಿಡುವಾಗ ಯಂತ್ರದ ಒಳಗುಟ್ಟನ್ನು ಬಿಚ್ಚಿಕೊಟ್ಟು, ಬಲ್ಲವರು ತಮ್ಮ ಮನೆಯಿಂದಲೇ ನಡೆಸಿಕೊಳ್ಳುವಂತೆ ಮಾಡಿದರೆ ಮಾರಿದವನ ಋಣವು ಬಹುಮಟ್ಟಿಗೆ ತೀರಿತು.

ಈ ಮೂರೂ ಒಬ್ಬೊಬ್ಬ ಗೃಹಸ್ಥನಿಂದ ಆಗತಕ್ಕುವಲ್ಲ. ಒಂಟಿ ಮನೆಯ ಬಲವು ಕಡಮೆ. ಇಲ್ಲಿ ನಮ್ಮ ಜಿಲ್ಲೆಯ ಇತಿಹಾಸವೇ ಒಂದು ಪಾಠವನ್ನು ಹೇಳುತ್ತದೆ. ಅಡಿಕೆಯನ್ನು ಬೆಳೆಯುವವನು ಬೆಳೆಗಾರನಾದರೂ ತೂಕ, ಬೆಲೆ, ಸಾಲದ ವಹಿ ಮೂರೂ ವ್ಯಾಪಾರಿಯ ಕೈಯಲ್ಲಿದ್ದ ಕಾಲವೊಂದಿತ್ತು. ಆಗ ಪ್ರತಿಯೊಬ್ಬ ಬೆಳೆಗಾರನೂ ತನ್ನ ಮನೆಯಲ್ಲಿಯೇ ಒಂದು ಮಂಡಿಯನ್ನು ಇಡಲಿಲ್ಲ, ಇಡಲಾರನು. ೧೯೨೩ರಲ್ಲಿ ಕಡವೆ ಶ್ರೀಪಾದರಾವ್ ಹೆಗಡೆಯವರ ನೇತೃತ್ವದಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಹುಟ್ಟಿತು. ತಕ್ಕಡಿಯು ಬೆಳೆಗಾರರದೇ ಆಯಿತು. ಅದಕ್ಕೂ ಮೊದಲು, ೧೯೦೫ರಲ್ಲಿಯೇ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದ್ದರು. ಪರರಿಗೆ ಪೂರ್ತಿ ಒಪ್ಪಿಸುವುದಕ್ಕೂ ಒಂಟಿಯಾಗಿ ಹೊರುವುದಕ್ಕೂ ನಡುವೆ ಮೂರನೆಯ ದಾರಿಯೊಂದುಂಟು. ಅದು ಕೂಡಿ ಇಟ್ಟುಕೊಳ್ಳುವ ದಾರಿ. ಮೇಲೆ ಹೇಳಿದ ಇನ್‌ಸ್ಟಿಯಾನ್ ಕಂಪೆನಿಯ ಕಥೆಯೂ ಹೀಗೆಯೇ ಮುಗಿಯಿತು: ಆ ಯಂತ್ರಗಳನ್ನು ಬಳಸುತ್ತಿದ್ದ ಕೆಲವರೇ ೨೦೨೨ರ ಜೂನ್ ತಿಂಗಳಲ್ಲಿ ಆ ಕಂಪೆನಿಯನ್ನು ಕೊಂಡು ಸರ್ವರುಗಳನ್ನು ಮತ್ತೆ ನಡೆಸಿದರು.

ನಮ್ಮ ಊರೂರಿನ ಸೇವಾ ಸಹಕಾರಿ ಸಂಘಗಳು ಗೊಬ್ಬರವನ್ನೂ ಸಾಲವನ್ನೂ ಕೊಡುತ್ತಿವೆ; ತೋಟದ ಯಂತ್ರಗಳಿಗೆ ಒಂದು ಸರ್ವರನ್ನೂ, ಅದನ್ನು ಬಲ್ಲ ಊರಿನ ಯುವಕನೊಬ್ಬನನ್ನೂ ಇಟ್ಟರೆ ಆಗದ ಕೆಲಸವೇನಲ್ಲ. ಆಗ ಯಂತ್ರವು ಕೆಟ್ಟರೆ ಕೇಳಲು ಒಂದು ಬಾಗಿಲಿರುವುದು. ಆ ಬಾಗಿಲಿಗೆ ನಡೆದು ಹೋಗಬಹುದು. ಅಲ್ಲಿ ಕುಳಿತವನು ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಉತ್ತರ ಹೇಳಬೇಕಾಗುವುದು. ಸಂಘಗಳಲ್ಲಿಯೂ ಆಲಸ್ಯವುಂಟು, ಪಕ್ಷಪಾತವುಂಟು, ಜಗಳವುಂಟು ಎಂಬುದನ್ನು ಬಲ್ಲೆನು. ಆದರೆ ಜಗಳವಾಡಲು ಎದುರಿಗೆ ಮನುಷ್ಯನಿರುವುದು, ಉತ್ತರವಿಲ್ಲದ ಕಾಗದವನ್ನು ಬರೆಯುತ್ತ ಕೂರುವುದಕ್ಕಿಂತ ಎಷ್ಟೋ ಮೇಲು.

ಯಜಮಾನರ ಮನೆಯಲ್ಲಿ ಈಗ ನಡೆದಿರುವ ವ್ಯವಸ್ಥೆಯನ್ನು ಹೇಳಿ ಈ ಲೇಖನವನ್ನು ಮುಗಿಸುವೆನು. ಮಗನು ದೀಪಾವಳಿಗೆ ಬಂದಾಗ ಮೊದಲು ಮಾಡಿದ ಕೆಲಸವು ಪಂಪಿನ ಹಳೆಯ ಗುಂಡಿಯ ಪೆಟ್ಟಿಗೆಯನ್ನು ಗಟ್ಟಿಯಾಗಿ ಕೂರಿಸಿದುದು. ಹೊಸ ಯಂತ್ರವು ಅದರ ಪಕ್ಕದಲ್ಲಿ ಇದೆ, ಅದರ ಬದಲಿಗೆ ಇಲ್ಲ. ನಡುಕೋಣೆಯಲ್ಲಿ ಸಿಡಿಲಿನ ರಕ್ಷಣೆಯೊಡನೆ ಹೊಸ ಕಂಪ್ಯೂಟರಿದೆ. ಕ್ಯಾಮೆರಾದ ಚಿತ್ರಗಳು ಮನೆಯಲ್ಲಿಯೇ ಉಳಿದು ವಾರಕ್ಕೊಮ್ಮೆ ಅಳಿದುಹೋಗುತ್ತವೆ. ಜಗಲಿಗೆ ಬಂದವರಿಗೆ ಕ್ಯಾಮೆರಾ ಇದೆಯೆಂದು ತಾಯಿಯವರು ಹೇಳುತ್ತಾರೆ. ಜೋಡಣೆಯ ವಿವರಗಳ ಪ್ರತಿಯೊಂದನ್ನು ಮುದ್ರೆ ಹಾಕಿ ದೂರದ ಸರ್ವರಿನಲ್ಲಿ ಇಟ್ಟಿರುವರು. ಯಾವ ತಂತಿ ಎಲ್ಲಿಗೆ, ಕೆಟ್ಟರೆ ಮೊದಲು ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದ ಒಂದು ವಹಿಯು ಗೋಡೆಯ ಮೊಳೆಗೆ ತೂಗುತ್ತಿದೆ. ಅದರ ಕೆಲವು ಪುಟಗಳನ್ನು ನೆರೆಮನೆಯ ಕಾಲೇಜು ಹುಡುಗನು ಈಗಾಗಲೇ ಓದಿ ಕಲಿತಿರುವನು. ಈ ವ್ಯವಸ್ಥೆಯಲ್ಲಿ ಕಂಪೆನಿಯೂ ಇದೆ, ಮನೆಯೂ ಇದೆ, ನೆರೆಯೂ ಇದೆ. ಒಂದು ಕೈಬಿಟ್ಟರೆ ಉಳಿದ ಎರಡು ಹಿಡಿಯುವಂತಿದೆ.

‘ಪಂಪು ನಮ್ಮದೋ, ಅವರದೋ?’ ಎಂಬ ಪ್ರಶ್ನೆಗೆ ನನಗೆ ದೊರೆತ ಉತ್ತರವಿಷ್ಟು: ಇನ್ನೊಬ್ಬನು ಸುಮ್ಮನಾದ ದಿನವೂ ಯಾವುದು ನಮ್ಮ ಮಾತನ್ನು ಕೇಳುವುದೋ ಅದು ನಮ್ಮದು, ಉಳಿದುದು, ಎಷ್ಟು ಬೆಲೆ ತೆತ್ತಿದ್ದರೂ, ಅವರು ಇರಗೊಟ್ಟಿರುವ ತನಕ ಮಾತ್ರ ನಮ್ಮಲ್ಲಿರುವುದು. ಪರರನ್ನು ನಂಬುವುದರಿಂದ ಮನುಷ್ಯನು ಸಣ್ಣವನಾಗುವುದಿಲ್ಲ. ಹಿಂದಕ್ಕೆ ಬರುವ ದಾರಿಯನ್ನು ಮುಚ್ಚಿಕೊಂಡು ನಂಬಿದರೆ ಮಾತ್ರ ಪರಾಧೀನನಾಗುತ್ತಾನೆ. ವಾಚಕರು ಬಿಡುವಾದ ಒಂದು ಭಾನುವಾರ ತಮ್ಮ ಮನೆಯ ರೂಟರಿನ ತಂತಿಯನ್ನು ಬೆಳಗಿನಿಂದ ಸಂಜೆಯ ತನಕ ತೆಗೆದಿಟ್ಟು ನೋಡಲಿ. ಆ ದಿನ ಮನೆಯಲ್ಲಿ ಏನೇನು ನಿಲ್ಲುತ್ತದೆಯೋ ಅದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿ ಕುಡಿಯುವ ನೀರೋ, ರಾತ್ರಿಯ ದೀಪವೋ, ಬಾಗಿಲ ಬೀಗವೋ ಇದ್ದರೆ, ಮರುದಿನವೇ ಅಟ್ಟವನ್ನು ಹತ್ತಿ ಹಳೆಯ ಪೆಟ್ಟಿಗೆಯನ್ನು ಹುಡುಕುವುದು ಒಳ್ಳೆಯದು.